ಜ್ವರ ಬಿಟ್ಟ ಮೇಲೂ ಮಲಗಿರಿ: ವೈರಲ್ ಜ್ವರಕ್ಕೆ ಮನೆಯ ಆರೈಕೆ

ಜೂನ್ ಬಂತೆಂದರೆ ನಮ್ಮ ಕಾಸರಗೋಡಿನ ಕಡೆ ಮಳೆಯ ಬೆನ್ನಿಗೇ ಜ್ವರವೂ ಬರುತ್ತದೆ. ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಎಲ್ಲಿ ನೋಡಿದರೂ ಡಾಕ್ಟರ ಕ್ಲಿನಿಕ್ಕಿನ ಜಗಲಿಯಲ್ಲಿ ಒದ್ದೆ ಕೊಡೆಗಳ ರಾಶಿ. ಇವುಗಳಲ್ಲಿ ಹೆಚ್ಚಿನವು ವೈರಲ್ ಜ್ವರ. ನಾಲ್ಕೈದು ದಿನ ಕಾಡಿಸಿ ತಾವಾಗಿಯೇ ಇಳಿಯುತ್ತವೆ. ವೈರಸ್ಸನ್ನು ಓಡಿಸುವ ಕೆಲಸ ನಮ್ಮ ದೇಹದ್ದು. ದೇಹಕ್ಕೆ ಆ ಕೆಲಸ ಮಾಡಲು ನೀರು, ಅನ್ನ, ನಿದ್ದೆ, ಸಮಯ ಕೊಡುವುದು ನಮ್ಮದು.

ಮನೆಯ ಆರೈಕೆಯಲ್ಲಿ ನಮ್ಮವರು ಮೊದಲ ಮೂರು ದಿನ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಎಡವುವುದು ನಾಲ್ಕನೇ ದಿನ. ಮೈ ತಣ್ಣಗಾಯಿತು ಎಂದ ಕೂಡಲೇ ಎದ್ದು ತೋಟಕ್ಕೆ ಹೋಗುತ್ತಾರೆ. ಹೋಗದೆ ಇರುವುದೂ ಕಷ್ಟ, ಒಪ್ಪುತ್ತೇನೆ. ಅಡಿಕೆಗೆ ಕೊಳೆರೋಗದ ಮದ್ದು ಬಿಡುವ ಸಮಯವೂ ಅದೇ. ಎರಡು ದಿನ ಬಿಸಿಲು ಕಂಡರೆ ಮದ್ದು ಬಿಡುವವರನ್ನು ಹಿಡಿದು ತರಬೇಕು, ಸುಣ್ಣ, ಮೈಲುತುತ್ತು ಕರಗಿಸಬೇಕು. ಆದರೆ ಜ್ವರ ಇಳಿದ ನಂತರದ ಎರಡು ದಿನಗಳೇ ಕೆಲವು ಜ್ವರಗಳಲ್ಲಿ, ಅದರಲ್ಲೂ ಡೆಂಗಿಯಲ್ಲಿ, ಎಲ್ಲಕ್ಕಿಂತ ಅಪಾಯದ ದಿನಗಳು. ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಉಳಿದದ್ದನ್ನು ಕ್ರಮವಾಗಿ ನೋಡೋಣ.

ಮೊದಲು ಇದನ್ನು ತೀರ್ಮಾನಿಸಿ: ಮನೆಯಲ್ಲಿ ನೋಡಿಕೊಳ್ಳಬಹುದೇ?

ಎಲ್ಲರ ಜ್ವರವೂ ಮನೆಯಲ್ಲಿ ನೋಡುವಂಥದ್ದಲ್ಲ. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬಾರದು, ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರು, ತುಂಬ ವಯಸ್ಸಾದವರು, ಸಕ್ಕರೆ ಕಾಯಿಲೆ, ಹೃದಯ, ಕಿಡ್ನಿ, ಲಿವರ್ ತೊಂದರೆ ಇರುವವರು, ಕ್ಯಾನ್ಸರಿಗೆ ಚಿಕಿತ್ಸೆ ತೆಗೆದುಕೊಳ್ಳುತ್ತಿರುವವರು ಮೊದಲ ದಿನವೇ ಡಾಕ್ಟರಿಗೆ ತೋರಿಸಿ, ಅವರು ಹೇಳಿದರೆ ಮಾತ್ರ ಮನೆಯಲ್ಲಿರಲಿ. ಒಬ್ಬಂಟಿಯಾಗಿ ಇರುವವರಿಗೂ ಇದೇ ಮಾತು. ಮಕ್ಕಳೆಲ್ಲ ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇದ್ದು, ತೋಟದ ನಡುವಿನ ಮನೆಯಲ್ಲಿ ಹಿರಿಯರು ಇಬ್ಬರೇ ಇರುವುದು ನಮ್ಮಲ್ಲಿ ಈಗ ಮಾಮೂಲು. ಅಂಥ ಮನೆಗೆ ದಿನಕ್ಕೆ ಎರಡು ಸಲವಾದರೂ ಹೋಗಿ ಮುಖ ನೋಡಿ ಮಾತಾಡಿಸುವ ನೆರೆಯವರು ಒಬ್ಬರಿರಬೇಕು. ಫೋನಿನಲ್ಲಿ ಕೇಳಿದರೆ 'ಆರಾಮ ಇದ್ದೇನೆ' ಎಂದೇ ಹೇಳುತ್ತಾರೆ, ಅಲ್ವಾ?

ಇವರನ್ನು ಬಿಟ್ಟು, ನೀರು ಕುಡಿಯುತ್ತಿದ್ದಾರೆ, ಮಾತು ಸರಿಯಾಗಿದೆ, ಉಸಿರಾಟ ಸರಾಗವಾಗಿದೆ, ಮೂತ್ರ ಹೋಗುತ್ತಿದೆ ಎಂದಾದರೆ ಮನೆಯಲ್ಲಿ ನೋಡಿಕೊಳ್ಳಬಹುದು.

ಮೊದಲ ದಿನ: ಹಾಸಿಗೆ, ಸೊಳ್ಳೆ ಪರದೆ, ಒಂದು ನೋಟ್‌ಬುಕ್

ಗಾಳಿ ಬೆಳಕು ಇರುವ ಕೋಣೆ ಕೊಡಿ. ಚಳಿ ಎಂದು ಕಿಟಕಿ ಬಾಗಿಲೆಲ್ಲ ಮುಚ್ಚಿ, ಮೂರು ಕಂಬಳಿ ಹೊದೆಸುವುದು ಬೇಡ. ನಡುಕ ಇರುವಷ್ಟು ಹೊತ್ತು ಒಂದು ಹೊದಿಕೆ ಸಾಕು, ನಡುಕ ನಿಂತ ಮೇಲೆ ತೆಳುವಾದ ಹತ್ತಿ ಬಟ್ಟೆ. ಬಚ್ಚಲು ಹತ್ತಿರ ಇರಲಿ. ಜ್ವರದಲ್ಲಿ ರಾತ್ರಿ ಎದ್ದು ಒದ್ದೆ ಅಂಗಳ ದಾಟಿ ಹೋಗುವಾಗ ತಲೆ ತಿರುಗಿ ಬೀಳುವ ಭಯವಿದೆ.

ಸೊಳ್ಳೆ ಪರದೆಯನ್ನು ಹಗಲಲ್ಲೂ ಕಟ್ಟಿ. ಡೆಂಗಿ, ಚಿಕುನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲು ಹೊತ್ತಿನಲ್ಲಿ, ಅದರಲ್ಲೂ ಬೆಳಿಗ್ಗೆ ಮತ್ತು ಸಂಜೆಗೆ ಮುಂಚೆ. ಜ್ವರದ ಮೊದಲ ಐದು ದಿನ ರೋಗಿಯ ರಕ್ತದಲ್ಲಿ ವೈರಸ್ ಜಾಸ್ತಿ ಇರುತ್ತದೆ. ಆಗ ಕಚ್ಚಿದ ಸೊಳ್ಳೆ ಮುಂದೆ ಮನೆಯ ಉಳಿದವರಿಗೆ ಅದನ್ನು ದಾಟಿಸುತ್ತದೆ. ಪರದೆ ಕಟ್ಟುವುದು ರೋಗಿಗಿಂತ ಹೆಚ್ಚಾಗಿ ಮನೆಯವರ ರಕ್ಷಣೆಗೆ. ಕೆಮ್ಮು, ಶೀತ, ಗಂಟಲು ನೋವು ಇರುವ ಜ್ವರವಾದರೆ ರೋಗಿಯೂ ಹತ್ತಿರ ಹೋಗುವವರೂ ಮಾಸ್ಕ್ ಹಾಕಲಿ. ಲೋಟ, ಬಟ್ಟಲು, ಟವೆಲ್ ಬೇರೆ ಇರಲಿ. ಪುಟ್ಟ ಮಕ್ಕಳೂ ಅಜ್ಜ ಅಜ್ಜಿಯೂ ಸ್ವಲ್ಪ ದಿನ ದೂರ ಮಲಗಲಿ.

ಇನ್ನು ನೋಟ್‌ಬುಕ್. ಮಕ್ಕಳ ಹಳೆ ನೋಟ್‌ಬುಕ್ಕಿನ ಖಾಲಿ ಹಾಳೆಯೂ ಆದೀತು. ಅದರ ಒಂದು ದಿನದ ಪುಟ ಹೀಗಿರುತ್ತದೆ:

ಬುಧವಾರ, ಜ್ವರದ 2ನೇ ದಿನ. ಬೆಳಿಗ್ಗೆ 6.00: 102.2, ಪ್ಯಾರಾಸಿಟಮಾಲ್ 650. 7.00: ಗಂಜಿ ತೆಳಿ 1 ಲೋಟ. 8.30: ಮೂತ್ರ, ಹಳದಿ ಜಾಸ್ತಿ. 9.00: ಬೊಂಡ (ಎಳನೀರು) 1. 10.00: 99.8. 11.45: ವಾಂತಿ 1 ಸಲ. 12.30: ಓಆರ್‌ಎಸ್ ಅರ್ಧ ಲೋಟ, ನಿಂತಿತು. 1.00: 101.6, ಪ್ಯಾರಾಸಿಟಮಾಲ್ 650. 2.15: ಮೂತ್ರ, ತಿಳಿ.

ಇಷ್ಟೇ. ಆದರೆ ಇದರ ಬೆಲೆ ಡಾಕ್ಟರ ಮುಂದೆ ಕೂತಾಗ ಗೊತ್ತಾಗುತ್ತದೆ. 'ಯಾವಾಗಿಂದ ಜ್ವರ?' ಎಂದು ಕೇಳಿದರೆ ಮನೆಯವರು ಮೂವರು ಮೂರು ದಿನ ಹೇಳುವುದು ಇದ್ದದ್ದೇ. ಜ್ವರ ಶುರುವಾದ ದಿನ ಸರಿಯಾಗಿ ಗೊತ್ತಿದ್ದರೆ ಯಾವ ರಕ್ತ ಪರೀಕ್ಷೆ ಮಾಡಿಸಬೇಕು, ಅಪಾಯದ ದಿನ ಯಾವುದು ಎಂಬುದೆಲ್ಲ ಸ್ಪಷ್ಟವಾಗುತ್ತದೆ. ಇನ್ನೊಂದು ಪ್ರಯೋಜನ ನಮ್ಮ ಗಡಿನಾಡಿನದ್ದೇ. ಕಾಸರಗೋಡಿನ ಆಸ್ಪತ್ರೆಯ ಡ್ಯೂಟಿ ಡಾಕ್ಟರಿಗೆ ಕನ್ನಡ ಬಾರದಿರಬಹುದು, ನಮಗೆ ಮಲಯಾಳ ತಡವರಿಸಬಹುದು. ಗಂಟೆ, ಡಿಗ್ರಿ, ಮಿಲಿಗ್ರಾಂ ಮಾತ್ರ ಇಬ್ಬರಿಗೂ ಒಂದೇ. ಅಂಕಿಗಳನ್ನು 1, 2, 3 ಎಂದೇ ಬರೆಯಿರಿ. ಮಾತ್ರೆಯ ಖಾಲಿ ಸ್ಟ್ರಿಪ್‌ಗಳನ್ನೂ ಬಿಸಾಡದೆ ಆ ಪುಟದ ನಡುವೆಯೇ ಇಡಿ.

ಡಿಜಿಟಲ್ ಥರ್ಮಾಮೀಟರ್ ಒಂದು ಮನೆಯಲ್ಲಿ ಇರಲೇಬೇಕು. ಹಣೆ ಮುಟ್ಟಿ ನೋಡಿ ಹೇಳುವ ಜ್ವರವನ್ನು ಬರೆದಿಡಲು ಆಗುವುದಿಲ್ಲ. ಕಂಕುಳಲ್ಲಿ ಇಟ್ಟು ನೋಡುವುದಾದರೆ ಬೆವರು ಒರೆಸಿ ಇಡಿ. ಅಲ್ಲಿ ಸಿಗುವ ಅಂಕಿ ಬಾಯಿಯದ್ದಕ್ಕಿಂತ ಅರ್ಧದಿಂದ ಒಂದು ಡಿಗ್ರಿ ಕಡಿಮೆ ಇರುತ್ತದೆ. ಪ್ರತಿ ಸಲ ಒಂದೇ ಜಾಗದಲ್ಲಿ ನೋಡಿ.

ಮಾತ್ರೆ: ಒಂದೇ ಒಂದು ಸಾಕು

ಜ್ವರಕ್ಕೂ ಮೈಕೈ ನೋವಿಗೂ ಪ್ಯಾರಾಸಿಟಮಾಲ್ ಒಂದೇ ಸಾಕು. ದೊಡ್ಡವರಿಗೆ 500 ಅಥವಾ 650 ಮಿಲಿಗ್ರಾಂ. ಒಂದು ಮಾತ್ರೆಗೂ ಇನ್ನೊಂದಕ್ಕೂ 6 ಗಂಟೆ ಅಂತರ ಇಡಿ, ದಿನಕ್ಕೆ ನಾಲ್ಕು ಮೀರಬೇಡಿ. ಲಿವರ್ ತೊಂದರೆ ಇರುವವರು, ದಿನಾ ಮದ್ಯ ಕುಡಿಯುವವರು, ತೀರಾ ತೂಕ ಕಡಿಮೆ ಇರುವವರು ಡಾಕ್ಟರನ್ನು ಕೇಳದೆ ಇದನ್ನೂ ತೆಗೆದುಕೊಳ್ಳಬಾರದು. ಶೀತಕ್ಕೆಂದು ಮೆಡಿಕಲ್‌ನಲ್ಲಿ ಕೊಡುವ ಮಾತ್ರೆಗಳಲ್ಲಿ ಹೆಚ್ಚಿನವುಗಳ ಒಳಗೂ ಪ್ಯಾರಾಸಿಟಮಾಲ್ ಇರುತ್ತದೆ. ಜ್ವರದ ಮಾತ್ರೆ ಒಂದು, ಶೀತದ ಮಾತ್ರೆ ಒಂದು ಎಂದು ನುಂಗುತ್ತಾ ಹೋದರೆ ಗೊತ್ತಿಲ್ಲದೆ ಎರಡು ಪಟ್ಟು ಹೊಟ್ಟೆಗೆ ಹೋಗುತ್ತದೆ. ಪೆಟ್ಟು ಬೀಳುವುದು ಲಿವರಿಗೆ.

ಮಕ್ಕಳಿಗೆ ವಯಸ್ಸು ನೋಡಿ ಅಲ್ಲ, ತೂಕ ನೋಡಿ ಕೊಡುವುದು. ಒಂದು ಕಿಲೋ ತೂಕಕ್ಕೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ. ಹತ್ತು ಕಿಲೋ ಮಗುವಿಗೆ ಹೆಚ್ಚೆಂದರೆ 150 ಮಿಲಿಗ್ರಾಂ. ಇಲ್ಲಿ ಒಂದು ಎಚ್ಚರಿಕೆ ಬೇಕು. ಸಿರಪ್ಪಿನಲ್ಲಿ 5 ಎಂಎಲ್‌ಗೆ 120 ಅಥವಾ 125 ಮಿಲಿಗ್ರಾಂ ಇರುವ ಬಾಟಲಿಯೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಎರಡೂ ಹೊರಗಿನಿಂದ ಒಂದೇ ತರ. ಕಳೆದ ಸಲ ಕೊಟ್ಟಷ್ಟೇ ಕೊಟ್ಟೆ ಎಂದುಕೊಂಡು ಎರಡರಷ್ಟು ಕೊಟ್ಟುಬಿಡಬಹುದು. ಬಾಟಲಿಯ ಮೇಲಿನ ಅಂಕಿ ಓದಿ, ಜೊತೆಗೆ ಬಂದ ಅಳತೆ ಮುಚ್ಚಳದಲ್ಲೇ ಅಳೆದು ಕೊಡಿ. ಅಡುಗೆಮನೆ ಚಮಚ ಬೇಡ.

ಡೆಂಗಿ ಅಲ್ಲ ಎಂದು ಖಚಿತವಾಗುವವರೆಗೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್, ಮೆಫೆನಮಿಕ್ ಆಸಿಡ್ ಇವು ಯಾವುವೂ ಬೇಡ. ಹೊಟ್ಟೆಯ ಒಳಗೆ ರಕ್ತಸ್ರಾವ ಆಗುವುದಕ್ಕೆ ಇವು ದಾರಿ ಮಾಡಿಕೊಡುತ್ತವೆ. ಸೊಂಟ ನೋವಿಗೆಂದು ಮನೆಯಲ್ಲಿ ಇಟ್ಟುಕೊಂಡ ಮಾತ್ರೆ ಇವುಗಳಲ್ಲೇ ಒಂದಾಗಿರುತ್ತದೆ, ನೋಡಿಕೊಳ್ಳಿ. ಹೃದಯಕ್ಕೆಂದು ದಿನಾ ಆಸ್ಪಿರಿನ್ ತೆಗೆದುಕೊಳ್ಳುವವರು ತಾವಾಗಿ ನಿಲ್ಲಿಸುವುದೂ ಬೇಡ, ಮುಂದುವರಿಸುವುದೂ ಬೇಡ. ಮೊದಲ ದಿನವೇ ಡಾಕ್ಟರಿಗೆ ಫೋನ್ ಮಾಡಿ ಕೇಳಿ.

ಆಂಟಿಬಯಾಟಿಕ್ ವೈರಸ್ಸಿಗೆ ಏನೂ ಮಾಡುವುದಿಲ್ಲ. ಪೇಟೆಗೆ ಹೋಗಿ 'ಎರಡು ದಿನಕ್ಕೆ ಆಂಟಿಬಯಾಟಿಕ್ ಕೊಡಿ' ಎಂದು ಕೇಳಿ ತರುವ ಅಭ್ಯಾಸ ಬಿಡಬೇಕು. 'ಒಂದು ಇಂಜೆಕ್ಷನ್ ಚುಚ್ಚಿಬಿಡಿ, ಬೇಗ ಹೋಗಲಿ' ಎಂದು ಡಾಕ್ಟರನ್ನು ಒತ್ತಾಯಿಸುವುದನ್ನೂ ಬಿಡಬೇಕು. ಬೇಗ ಹೋಗುವುದಿಲ್ಲ.

ಜ್ವರ ಜಾಸ್ತಿ ಏರಿದರೆ ಉಗುರು ಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಮೈ ಒರೆಸಿ. ಬಾವಿಯ ತಣ್ಣೀರು, ಐಸ್ ಬೇಡ. ಅದರಿಂದ ನಡುಕ ಬಂದು ಮೈ ಇನ್ನೂ ಬಿಸಿಯಾಗುತ್ತದೆ. ಜ್ವರದಲ್ಲಿ ಸ್ನಾನವೇ ಮಾಡಬಾರದು ಎಂಬ ಕಟ್ಟುಪಾಡಿಗೆ ಅರ್ಥವಿಲ್ಲ. ನಿಲ್ಲುವ ಶಕ್ತಿ ಇದ್ದರೆ ಹದ ಬಿಸಿನೀರಲ್ಲಿ ಮಿಂದು ತಲೆ ಒಣಗಿಸಿಕೊಂಡರೆ ಎಷ್ಟೋ ಹಿತ.

ಕುಡಿಸುವುದೇ ದೊಡ್ಡ ಕೆಲಸ

ಮನೆ ಆರೈಕೆಯ ಮುಕ್ಕಾಲು ಪಾಲು ಇದೇ. ಜ್ವರದಲ್ಲಿ ಬೆವರಿ, ಉಸಿರಿನಲ್ಲಿ, ವಾಂತಿಯಲ್ಲಿ ನೀರು ಹೋಗುತ್ತಲೇ ಇರುತ್ತದೆ. ಬಾಯಾರಿಕೆ ಮಾತ್ರ ಆಗುವುದಿಲ್ಲ. ಆದ್ದರಿಂದ ಕೇಳಿದಾಗ ಕೊಡುವುದಲ್ಲ, ಗಂಟೆಗೊಮ್ಮೆ ಲೋಟ ಕೈಗೆ ಕೊಟ್ಟು ಕುಡಿದು ಮುಗಿಸುವವರೆಗೆ ಪಕ್ಕದಲ್ಲಿ ನಿಲ್ಲುವುದು. ದೊಡ್ಡವರಿಗೆ ದಿನಕ್ಕೆ ಎಲ್ಲ ಸೇರಿ ಎರಡೂವರೆ ಲೀಟರಿನ ಆಸುಪಾಸು ಹೋಗಲಿ. ಹೃದಯ, ಕಿಡ್ನಿ ತೊಂದರೆ ಇರುವವರಿಗೆ ಮಾತ್ರ ಎಷ್ಟು ಕುಡಿಸಬೇಕೆಂದು ಡಾಕ್ಟರನ್ನೇ ಕೇಳಬೇಕು.

ಸಾಕಷ್ಟು ಹೋಗಿದೆಯೇ ಎಂದು ತಿಳಿಯಲು ಮೂತ್ರ ನೋಡಿದರೆ ಸಾಕು. ನಾಲ್ಕರಿಂದ ಆರು ಗಂಟೆಗೊಮ್ಮೆ ಹೋಗುತ್ತಿರಬೇಕು, ಬಣ್ಣ ತಿಳಿಯಾಗಿರಬೇಕು. ಆರು ಗಂಟೆ ದಾಟಿದರೂ ಮೂತ್ರ ಹೋಗಿಲ್ಲ ಎಂದರೆ ತಲೆ ಕೆಡಿಸಿಕೊಳ್ಳಲೇಬೇಕು.

ಬೊಂಡ ನಮ್ಮ ಮನೆಯಂಗಳದಲ್ಲೇ ಇದೆ, ಕೊಡಿ. ಆದರೆ ಬೊಂಡದ ನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಅಂದರೆ ಉಪ್ಪಿನ ಅಂಶ ಕಡಿಮೆ. ಬೊಂಡವನ್ನೇ ಕುಡಿಸುತ್ತಾ ಕೂತರೆ ಬೆವರಿ ಹೋದ ಉಪ್ಪು ವಾಪಸ್ ಬರುವುದಿಲ್ಲ. ಕಿಡ್ನಿ ಕಾಯಿಲೆ ಇರುವವರಿಗಂತೂ ಪೊಟ್ಯಾಸಿಯಂ ಅಪಾಯ, ಅವರಿಗೆ ಬೊಂಡ ಬೇಡ. ಉಪ್ಪು ಹಾಕಿದ ಗಂಜಿ ತೆಳಿ, ಉಪ್ಪು ಹಾಕಿದ ನೀರು ಮಜ್ಜಿಗೆ, ಓಆರ್‌ಎಸ್ ಇವುಗಳ ನಡುವೆ ಬೊಂಡವೂ ಇರಲಿ. ಓಆರ್‌ಎಸ್ ದೊಡ್ಡ ಪ್ಯಾಕೆಟನ್ನು ಒಂದು ಲೀಟರಿಗೆ, ಇಡೀ ಪ್ಯಾಕೆಟನ್ನು ಒಂದೇ ಸಲಕ್ಕೆ ಕರಗಿಸಬೇಕು. 200 ಎಂಎಲ್‌ಗೆ ಆಗುವ ಚಿಕ್ಕ ಪ್ಯಾಕೆಟ್ ಬೇರೆ ಇದೆ, ಮೇಲೆ ಬರೆದಿರುತ್ತದೆ. ಒಂದು ಲೋಟಕ್ಕೆ ಸ್ವಲ್ಪ ಪುಡಿ ಉದುರಿಸಿಕೊಳ್ಳುವುದು ತಪ್ಪು. ಕಲಸಿದ್ದು 24 ಗಂಟೆಯಲ್ಲಿ ಮುಗಿಯದಿದ್ದರೆ ಚೆಲ್ಲಿ. ಪ್ಯಾಕೆಟ್ ಸಿಗದ ರಾತ್ರಿ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ತಲೆ ಸಮ ಇರಲಿ, ರಾಶಿ ಬೇಡ.

ವಾಂತಿ ಆಗುತ್ತಿದ್ದರೆ ಹತ್ತು ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೆ ಒಂದು ಚಮಚದಂತೆ ಕುಡಿಸಿ. ಒಮ್ಮೆಲೇ ಒಂದು ಲೋಟ ಕೊಟ್ಟರೆ ಅದೂ ಹೊರಗೆ ಬರುತ್ತದೆ.

ಇನ್ನು ಗಂಜಿ. ಕುಚ್ಚಲಕ್ಕಿ ಗಂಜಿ ಬೇಯಲು ಹೊತ್ತು ಬೇಕು, ಅವಸರ ಮಾಡಬೇಡಿ. ಒಂದು ದೊಡ್ಡ ಹಿಡಿ ಅಕ್ಕಿಯನ್ನು ಮೂರು ನಾಲ್ಕು ಸಲ ತೊಳೆದು, ಏಳೆಂಟು ಲೋಟ ನೀರು ಕುದಿಯುವಾಗ ಹಾಕಿ. ಒಲೆಯಲ್ಲಾದರೆ ಗಂಟೆ ಹೊತ್ತು. ಅಕ್ಕಿಯ ಹೊಟ್ಟೆ ಒಡೆದು, ನೀರು ಮಂದವಾಗಿ, ಮೇಲೆ ಕೆನೆಯಂತೆ ಕಟ್ಟತೊಡಗಿದಾಗ ಇಳಿಸಿ. ಮೊದಲ ಎರಡು ದಿನ ಬರೀ ತೆಳಿ, ಉಪ್ಪು ಹಾಕಿ, ಬೆಚ್ಚಗೆ. ಹಸಿವು ಸ್ವಲ್ಪ ಬಂದ ಮೇಲೆ ಅಗುಳನ್ನು ಸೌಟಿನ ಹಿಂಬದಿಯಲ್ಲಿ ಹಿಸುಕಿ ಅದೇ ತೆಳಿಗೆ ಸೇರಿಸಿ. ಅದರ ಮುಂದಿನ ದಿನ ಒಂದು ಮುಷ್ಟಿ ಹೆಸರು ಕಾಳನ್ನು ಜೊತೆಗೇ ಬೇಯಿಸಿ. ಬಾಯಿ ಕಹಿ ಇದ್ದಾಗ ಶುಂಠಿ ತಂಬುಳಿ ಒಳ್ಳೆಯದು, ಸಾಂಬ್ರಾಣಿ ಸೊಪ್ಪಿನದ್ದೂ ಆದೀತು. ಮೆಣಸು ಕಡಿಮೆ ಹಾಕಿ. ಮಿಡಿ ಉಪ್ಪಿನಕಾಯಿಯ ಒಂದು ಚೂರು ನೆಕ್ಕಿದರೆ ಎರಡು ಲೋಟ ಗಂಜಿ ಹೆಚ್ಚು ಇಳಿಯುತ್ತದೆ ಎಂದಾದರೆ ಕೊಡಿ.

ಪಥ್ಯದ ಬಗ್ಗೆ ನನ್ನದು ಸ್ವಲ್ಪ ಬಿಗಿ ಮಾತು. ಜ್ವರ ಎಂದರೆ ಹಾಲಿಲ್ಲ, ಮೊಟ್ಟೆಯಿಲ್ಲ, ಮೀನಿಲ್ಲ, ಬೇಳೆ ಕೂಡ ಇಲ್ಲ ಎಂದು ಹತ್ತು ಹದಿನೈದು ದಿನ ಗಂಜಿಯಲ್ಲೇ ಇಡುವ ಮನೆಗಳಿವೆ. ಕರಗಿದ ಮೈ ಮತ್ತೆ ತುಂಬಲು ಪ್ರೊಟೀನ್ ಬೇಕು. ವಾಂತಿ ನಿಂತು ಹಸಿವು ಬಂದ ಮೇಲೆ ಬೇಳೆ ಸಾರು, ಮೊಸರು, ಬೇಯಿಸಿದ ಮೊಟ್ಟೆ, ಮೀನು ತಿನ್ನುವವರಿಗೆ ಖಾರ ಕಡಿಮೆ ಮಾಡಿದ ತೆಳು ಮೀನು ಸಾರು, ಎಲ್ಲವೂ ಕೊಡಬಹುದು. ಕರಿದದ್ದು ಮಾತ್ರ ಸ್ವಲ್ಪ ದಿನ ಬೇಡ.

ಕೊತ್ತಂಬರಿ ಜೀರಿಗೆ ಕಷಾಯ, ತುಳಸಿ ಶುಂಠಿ ಕಷಾಯ ಗಂಟಲಿಗೆ ಹಿತ, ನೀರೂ ಹೊಟ್ಟೆಗೆ ಹೋಗುತ್ತದೆ. ಅಷ್ಟರ ಮಟ್ಟಿಗೆ ಒಳ್ಳೆಯದು. ಪಪ್ಪಾಯಿ ಎಲೆಯ ರಸವನ್ನು ನಂಬಿ ಆಸ್ಪತ್ರೆಗೆ ಹೋಗುವುದನ್ನು ತಡಮಾಡಬೇಡಿ. ಅದರ ಕಹಿಗೆ ವಾಂತಿ ಆಗಿ ಇದ್ದ ನೀರೂ ಹೋಗುವುದುಂಟು.

ಎಲ್ಲ ಜ್ವರವೂ ವೈರಲ್ ಅಲ್ಲ

ನಮ್ಮ ಜಿಲ್ಲೆಯಲ್ಲಿ ಇದನ್ನು ಒತ್ತಿ ಹೇಳಲೇಬೇಕು. ಮಳೆಗಾಲದಲ್ಲಿ ಇಲಿಜ್ವರ ಬರುತ್ತದೆ. ಅದು ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆ. ಇಲಿಯ, ದನದ ಮೂತ್ರ ಸೇರಿದ ನೀರು ಕಾಲಿನ ಗಾಯದ ಮೂಲಕ ಒಳಗೆ ಹೋಗಿ ಬರುತ್ತದೆ. ಗದ್ದೆ, ತೋಟದ ಕಣಿ (ನೀರು ಹರಿಯುವ ಕಾಲುವೆ), ಹಟ್ಟಿಯಲ್ಲಿ ಬರಿಗಾಲಲ್ಲಿ ಕೆಲಸ ಮಾಡಿದವರಿಗೆ ಜ್ವರ ಬಂದು, ಮೀನಖಂಡ ಒತ್ತಿದರೆ ವಿಪರೀತ ನೋವು, ಕಣ್ಣು ಕೆಂಪು ಎಂದಾದರೆ ಮನೆಯಲ್ಲಿ ಗಂಜಿ ಕುಡಿಸುತ್ತಾ ಕೂರುವಂತಿಲ್ಲ. ಇದಕ್ಕೆ ಆಂಟಿಬಯಾಟಿಕ್ ಬೇಕೇ ಬೇಕು. ಬೇಗ ಶುರು ಮಾಡಿದಷ್ಟು ಒಳ್ಳೆಯದು, ತಡವಾದರೆ ಕಿಡ್ನಿ, ಲಿವರ್ ಎರಡಕ್ಕೂ ಏಟು. ಡಾಕ್ಟರಿಗೆ 'ನಾನು ತೋಟದ ಕೆಲಸ ಮಾಡುವವನು, ಕಾಲಲ್ಲಿ ಗಾಯ ಇತ್ತು' ಎಂದು ನೀವಾಗಿಯೇ ಹೇಳಿ.

ಒಂದು ದಿನ ಬಿಟ್ಟು ಒಂದು ದಿನ ಗಡಗಡ ಚಳಿ ಬಂದು, ಬೆವರಿ ಇಳಿಯುವ ಜ್ವರವಾದರೆ ಮಲೇರಿಯಾ ಪರೀಕ್ಷೆ ಮಾಡಿಸಿ. ಮಂಗಳೂರಿನಲ್ಲಿ ಕೆಲಸಕ್ಕೆ ಇದ್ದು ಬಂದವರಿಗೆ ಇದು ಮುಖ್ಯ. ಊಟದ ಹೆಸರು ಕೇಳಿದರೇ ಹೇಸಿಗೆ, ಮೂತ್ರ ಕಡು ಹಳದಿ, ಕಣ್ಣೂ ಹಳದಿ ಎಂದರೆ ಕಾಮಾಲೆ ಇರಬಹುದು. ಆಗ ಪ್ಯಾರಾಸಿಟಮಾಲ್ ಕೂಡ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಡೆಂಗಿಗೆ ರಕ್ತದಲ್ಲಿ ವೈರಸ್ಸಿನ ಅಂಶವನ್ನೇ ಹುಡುಕುವ ಎನ್‌ಎಸ್1 ಪರೀಕ್ಷೆ ಮೊದಲ ಐದು ದಿನದೊಳಗೆ ಮಾಡಿಸುವಂಥದ್ದು. ಐದು ದಿನ ಕಳೆದ ಮೇಲೆ, ವೈರಸ್ಸಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು ಹುಡುಕುವ ಐಜಿಎಂ. ತಪ್ಪು ದಿನ ಮಾಡಿಸಿದರೆ ರೋಗ ಇದ್ದೂ ನೆಗೆಟಿವ್ ಬರಬಹುದು. ನೋಟ್‌ಬುಕ್ಕಿನಲ್ಲಿ 'ಜ್ವರದ 2ನೇ ದಿನ' ಎಂದು ಬರೆಯಲು ಹೇಳಿದ್ದು ಅದಕ್ಕೇ. ಮೂರು ದಿನವಾದರೂ ಜ್ವರ ಇಳಿಯುವ ಲಕ್ಷಣ ಇಲ್ಲವೆಂದರೆ ರಕ್ತ ಪರೀಕ್ಷೆಗೆ ಹೋಗಿ.

ಜ್ವರ ಇಳಿದ ದಿನ

ಡೆಂಗಿಯಲ್ಲಿ ಜ್ವರ ಎರಡರಿಂದ ಏಳು ದಿನ ಇರುತ್ತದೆ. ಇಳಿದ ಹೊತ್ತಿನಿಂದ ಮುಂದಿನ 24ರಿಂದ 48 ಗಂಟೆ ಕೆಲವರಲ್ಲಿ ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರುತ್ತದೆ. ಮೈ ತಣ್ಣಗಿರುತ್ತದೆ, ಥರ್ಮಾಮೀಟರ್ 98 ತೋರಿಸುತ್ತದೆ, ಮನೆಯವರು ದೇವರಿಗೆ ಕೈಮುಗಿದು ನಿರಾಳವಾಗುತ್ತಾರೆ. ಒಳಗೆ ಬಿಪಿ ಇಳಿಯುತ್ತಿರಬಹುದು.

ಹಾಗಾಗಿ ಜ್ವರ ಬಿಟ್ಟ ದಿನದಿಂದ ಎರಡು ದಿನ ರೋಗಿಯ ಹತ್ತಿರ ಒಬ್ಬರು ಇರಲೇಬೇಕು. ನೋಟ್‌ಬುಕ್ ನಿಲ್ಲಿಸಬೇಡಿ. ನೀರು ಕುಡಿಸುವುದು ಮೊದಲಿನಂತೆಯೇ ನಡೆಯಲಿ. ಕೆಳಗೆ ಹೇಳಿದ್ದರಲ್ಲಿ ಒಂದು ಕಂಡರೂ ಹೊರಡಿ, ಎರಡನೆಯದಕ್ಕೆ ಕಾಯಬೇಡಿ:

ಹೊಟ್ಟೆ ನೋವು ಜೋರಾಗಿ, ಬಿಡದೆ ಬರುವುದು. ದಿನದಲ್ಲಿ ಮೂರು ಸಲ, ಅದಕ್ಕಿಂತ ಜಾಸ್ತಿ ವಾಂತಿ. ವಸಡಿನಲ್ಲಿ, ಮೂಗಿನಲ್ಲಿ ರಕ್ತ, ಕಪ್ಪು ಮಲ, ಮುಟ್ಟಿನಲ್ಲಿ ಎಂದಿಗಿಂತ ಹೆಚ್ಚು ಸ್ರಾವ. ಎದ್ದು ನಿಂತರೆ ಕಣ್ಣು ಕತ್ತಲೆ. ಕೈಕಾಲು ತಣ್ಣಗೆ, ಅಂಟು ಬೆವರು. ಉಸಿರು ಕಟ್ಟುವುದು. ಮೂತ್ರ ಕಡಿಮೆ. ಹೊಟ್ಟೆ ಉಬ್ಬುವುದು. ಕೊನೆಯದಾಗಿ, ಸ್ವಭಾವದಲ್ಲಿ ಬದಲಾವಣೆ: ಕರೆದರೂ ಏಳದ ಮಂಪರು, ಅಥವಾ ಮಲಗಲಾರದೆ ಹೊರಳಾಡುವ ಚಡಪಡಿಕೆ. ಮಕ್ಕಳು ಸುಮ್ನೆ ಮಲಗಿದ್ದಾರೆ, ಪಾಪ ಸುಸ್ತು ಎಂದು ಬಿಟ್ಟುಬಿಡಬೇಡಿ. ಎಬ್ಬಿಸಿ ಮಾತಾಡಿಸಿ ನೋಡಿ.

ಫಿಟ್ಸ್ ಬಂದರೆ, ಕುತ್ತಿಗೆ ಬಿಗಿದರೆ, ಮಾತು ತೊದಲಿದರೆ ಯಾವ ಜ್ವರವಾದರೂ ಸರಿ, ಆ ಕ್ಷಣ ಹೊರಡಬೇಕು. ಮನೆಯಲ್ಲಿ ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಇದ್ದು, ಬೆರಳು ಬೆಚ್ಚಗಿದ್ದೂ 94ಕ್ಕಿಂತ ಕೆಳಗೆ ತೋರಿಸುತ್ತಿದ್ದರೂ ಹಾಗೆಯೇ.

ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳ ಸಂಖ್ಯೆಯ ಬಗ್ಗೆ ನಮ್ಮಲ್ಲಿ ಬಹಳ ಹೆದರಿಕೆ. ಒಂದು ಲಕ್ಷಕ್ಕೆ ಇಳಿಯಿತು ಎಂದ ಕೂಡಲೇ ರಕ್ತ ಕೊಡುವವರನ್ನು ಹುಡುಕಿ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜು ಹಾಕುತ್ತಾರೆ. ರಕ್ತಸ್ರಾವ ಇಲ್ಲದಿದ್ದರೆ ಸಾಮಾನ್ಯವಾಗಿ 10,000ಕ್ಕಿಂತ ಕೆಳಗೆ ಇಳಿಯುವವರೆಗೆ ಪ್ಲೇಟ್‌ಲೆಟ್ ಏರಿಸುವ ಅಗತ್ಯ ಬರುವುದಿಲ್ಲ. ಡಾಕ್ಟರು ಆ ಸಂಖ್ಯೆಯ ಜೊತೆಗೆ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಏರಿದೆಯೇ, ಬಿಪಿ ಹೇಗಿದೆ, ಮೂತ್ರ ಎಷ್ಟು ಹೋಗುತ್ತಿದೆ ಎಂದೂ ನೋಡುತ್ತಾರೆ. ಆ ತೀರ್ಮಾನ ಅವರಿಗೆ ಬಿಡಿ. ರಕ್ತ ಪರೀಕ್ಷೆಯನ್ನು ಮಾತ್ರ ಆದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ. ಇವತ್ತು ಕುಂಬಳೆ, ನಾಳೆ ಮಂಗಳೂರು ಎಂದಾದರೆ ಅಂಕಿಗಳನ್ನು ಹೋಲಿಸುವುದು ಕಷ್ಟ.

ಎಲ್ಲಿಗೆ ಹೋಗುವುದು ಎಂದು ಮೊದಲೇ ಮಾತಾಡಿಕೊಳ್ಳಿ

ಜ್ವರ ಬಂದರೆ ಮಂಗಳೂರಿಗೆ ಓಡುವುದು ಮಂಜೇಶ್ವರ, ಕಾಸರಗೋಡು ತಾಲೂಕಿನ ನಮಗೆಲ್ಲ ರೂಢಿ. 2020ರ ಲಾಕ್‌ಡೌನ್‌ನಲ್ಲಿ ತಲಪಾಡಿಯ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ಆ ರೂಢಿ ಎಷ್ಟು ದುಬಾರಿ ಎಂದು ಎಲ್ಲರಿಗೂ ಗೊತ್ತಾಯಿತು. ಈಗ ಗಡಿ ತೆರೆದಿದೆ, ಆದರೆ ರಾತ್ರಿ ಎರಡು ಗಂಟೆಗೆ, ಜೋರು ಮಳೆಯಲ್ಲಿ, ಬಿಪಿ ಇಳಿದ ರೋಗಿಯನ್ನು ಕೂರಿಸಿಕೊಂಡು 50 ಕಿಲೋಮೀಟರ್ ಹೋಗುವುದು ಬುದ್ಧಿವಂತಿಕೆಯಲ್ಲ. ಹತ್ತಿರದಲ್ಲಿ ಡ್ರಿಪ್ ಹಾಕುವ ವ್ಯವಸ್ಥೆ, ರಾತ್ರಿ ಡಾಕ್ಟರು ಇರುವ ಆಸ್ಪತ್ರೆ ಯಾವುದೋ ಅಲ್ಲಿಗೆ ಮೊದಲು ಹೋಗಿ. ಅಲ್ಲಿ ಸ್ಥಿತಿ ಹಿಡಿತಕ್ಕೆ ಬಂದ ಮೇಲೆ ಕಾಸರಗೋಡಿನ ಜನರಲ್ ಆಸ್ಪತ್ರೆಯೋ ಮಂಗಳೂರೋ ನೋಡೋಣ. ಹಗಲಿನ ಮಟ್ಟಿಗೆ ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರವನ್ನು ಸಸಾರ ಮಾಡಬೇಡಿ. ಪಾರಾಸಿಟಮಾಲ್, ಓಆರ್‌ಎಸ್ ಅಲ್ಲಿ ಪುಕ್ಕಟೆ ಸಿಗುತ್ತವೆ, ಜ್ವರದ ಲೆಕ್ಕವೂ ಇಲಾಖೆಗೆ ತಲುಪುತ್ತದೆ.

ಮೂರು ನಂಬರು ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ: ಆಂಬುಲೆನ್ಸಿಗೆ 108, ಕೇರಳ ಆರೋಗ್ಯ ಇಲಾಖೆಯ 'ದಿಶ' ಸಹಾಯವಾಣಿ 1056, ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯದ್ದು. ಮನೆಯವರೆಗೆ ವಾಹನ ಬಾರದ ಗುಡ್ಡದ ಮನೆಯಾದರೆ, ರೋಗಿಯನ್ನು ರಸ್ತೆಗೆ ತರಲು ಯಾರನ್ನು ಕರೆಯುವುದು ಎಂದೂ ಹಗಲೇ ಹೇಳಿಟ್ಟುಕೊಳ್ಳಿ.

ಮನೆಯ ಸುತ್ತ ಒಂದು ಸುತ್ತು

ಒಬ್ಬರಿಗೆ ಡೆಂಗಿ ಎಂದರೆ ಸೊಳ್ಳೆ ಅಲ್ಲೇ ಎಲ್ಲೋ ಹುಟ್ಟುತ್ತಿದೆ ಎಂದರ್ಥ. ನಮ್ಮಲ್ಲಿ ಅದು ಹುಟ್ಟುವ ಜಾಗಗಳು ಬೇರೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ ದೋಣಿಯಂತೆ ಮಳೆನೀರು ಹಿಡಿದುಕೊಂಡು ಕೂತಿರುತ್ತದೆ. ರಬ್ಬರ್ ಮರದ ಚಿಪ್ಪು, ಎಳನೀರಿನ ಬುರುಡೆ, ತೆಂಗಿನ ಗೆರಟೆ, ಅಡಿಕೆ ಮೇಲೆ ಹೊದೆಸಿದ ಪ್ಲಾಸ್ಟಿಕ್ ಶೀಟಿನ ತಗ್ಗು, ಫ್ರಿಜ್ಜಿನ ಹಿಂದಿನ ತಟ್ಟೆ, ಹೂಕುಂಡದ ಅಡಿಯ ಬಟ್ಟಲು. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿದರೆ ಸರಪಳಿ ಮುರಿಯುತ್ತದೆ. ಆರೋಗ್ಯ ಇಲಾಖೆ ಹೇಳುವ 'ಡ್ರೈ ಡೇ' ಇದೇ: ಶುಕ್ರವಾರ ಶಾಲೆ, ಶನಿವಾರ ಕಚೇರಿ, ಭಾನುವಾರ ಮನೆ. ಬಕೆಟು, ಡ್ರಮ್ಮುಗಳ ಒಳಬದಿಯನ್ನು ತಿಕ್ಕಿ ತೊಳೆಯಿರಿ. ಮೊಟ್ಟೆ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ಬದುಕಿರುತ್ತದೆ, ನೀರು ತಾಗಿದರೆ ಮತ್ತೆ ಒಡೆಯುತ್ತದೆ.

ಎದ್ದ ಮೇಲಿನ ವಾರಗಳು

ಜ್ವರ ಹೋಗಿ ವಾರವಾದರೂ ಮೆಟ್ಟಿಲು ಹತ್ತಿದರೆ ಕಾಲು ಸೋಲುತ್ತದೆ. ಮಧ್ಯಾಹ್ನ ಕಣ್ಣು ಎಳೆಯುತ್ತದೆ. ಓದಿದ್ದು ತಲೆಗೆ ಹೋಗುವುದಿಲ್ಲ. ಇದು ಸೋಮಾರಿತನವಲ್ಲ. ಎರಡರಿಂದ ನಾಲ್ಕು ವಾರ ಹೀಗಿರುವುದು ಸಹಜ. ಮನೆಯ ಹೆಂಗಸರಿಗೆ ಜ್ವರ ಬಂದಾಗ ಈ ವಿಶ್ರಾಂತಿ ಸಿಗುವುದೇ ಇಲ್ಲ, ಅದನ್ನು ಕಂಡರೆ ನನಗೆ ತುಂಬ ಬೇಸರವಾಗುತ್ತದೆ. ಬೆಳಿಗ್ಗೆ ಜ್ವರ ಬಿಟ್ಟರೆ ಮಧ್ಯಾಹ್ನಕ್ಕೆ ಒಲೆ ಮುಂದೆ ನಿಂತಿರುತ್ತಾರೆ. ಕನಿಷ್ಠ ಒಂದು ವಾರ ಅಡುಗೆ, ಹಟ್ಟಿ, ನೀರು ಹೊರುವುದು ಬೇರೆಯವರ ಪಾಲಿಗೆ ಬರಲಿ. ಇದನ್ನು ಮನೆಯ ಗಂಡಸರೇ ಮುಂದೆ ನಿಂತು ಮಾಡಬೇಕು.

ಕೆಲಸಕ್ಕೆ ಮರಳುವುದನ್ನು ಹಂತ ಹಂತವಾಗಿ ಮಾಡಿ. ಜ್ವರದ ಮಾತ್ರೆ ಇಲ್ಲದೆಯೇ ಪೂರ್ತಿ ಎರಡು ದಿನ ಜ್ವರ ಬಾರದೆ ಇದ್ದ ಮೇಲೆ ಅಂಗಳದಲ್ಲಿ ಹತ್ತು ನಿಮಿಷ ನಡೆಯಿರಿ. ಮಾರನೇ ದಿನ ಸುಸ್ತು ಜಾಸ್ತಿ ಆಗಲಿಲ್ಲವೆಂದರೆ ತೋಟಕ್ಕೆ ಒಂದು ಸುತ್ತು, ಬರಿಗೈಯಲ್ಲಿ. ಮತ್ತೆ ಕುಳಿತು ಮಾಡುವ ಕೆಲಸ. ಅಡಿಕೆ ಸುಲಿಯುವುದು, ಲೆಕ್ಕ ಬರೆಯುವುದು ಆಗಬಹುದು. ಮರ ಹತ್ತುವುದು, ಮದ್ದಿನ ಪಂಪು ಹೊರುವುದು, ಕಣಿ ಅಗೆಯುವುದು ಎಲ್ಲಕ್ಕಿಂತ ಕೊನೆಗೆ. ತಲೆ ತಿರುಗುವ ಸಾಧ್ಯತೆ ಇರುವಷ್ಟು ದಿನ ಮರದ ಹತ್ತಿರವೂ ಹೋಗಬಾರದು. ಇವತ್ತು ಮಾಡಿದ್ದಕ್ಕೆ ನಾಳೆ ಮೈ ಸೋತರೆ ಒಂದು ಹಂತ ಹಿಂದೆ ಬನ್ನಿ. ವಾಲಿಬಾಲ್, ಕಬಡ್ಡಿ ಆಡುವ ಹುಡುಗರೂ ಎರಡು ವಾರ ಮೈದಾನಕ್ಕೆ ಇಳಿಯುವುದು ಬೇಡ. ವೈರಸ್ ಕೆಲವೊಮ್ಮೆ ಹೃದಯದ ಸ್ನಾಯುವಿಗೂ ತಾಗುತ್ತದೆ. ಎದೆ ನೋವು, ಎದೆ ಡವಗುಟ್ಟುವುದು, ಸ್ವಲ್ಪ ನಡೆದರೂ ಏದುಸಿರು ಬಂದರೆ ಇಸಿಜಿ ಮಾಡಿಸಬೇಕು.

ಒಣ ಕೆಮ್ಮು ಮೂರು ವಾರದವರೆಗೆ ಉಳಿಯಬಹುದು. ಬಿಸಿನೀರು, ಉಪ್ಪುನೀರಿನ ಗಾರ್ಗಲ್ ಸಾಕು. ಮೂರು ವಾರ ದಾಟಿದರೆ, ಕಫದಲ್ಲಿ ರಕ್ತ ಕಂಡರೆ ತೋರಿಸಿ. ಹೋದ ಜ್ವರ ಎರಡು ಮೂರು ದಿನ ಬಿಟ್ಟು ಮತ್ತೆ ಏರಿದರೂ ತೋರಿಸಿ, ಶ್ವಾಸಕೋಶಕ್ಕೆ ಬೇರೆ ಸೋಂಕು ಸೇರಿಕೊಂಡಿರಬಹುದು. ಚಿಕುನ್‌ಗುನ್ಯಾ ಬಂದವರಿಗೆ ಬೆರಳು, ಮಣಿಕಟ್ಟು, ಕಾಲಿನ ಗಂಟುಗಳ ನೋವು ತಿಂಗಳುಗಟ್ಟಲೆ ಇರುತ್ತದೆ. ಬೆಳಿಗ್ಗೆ ಬಿಸಿನೀರಲ್ಲಿ ಕೈ ಅದ್ದಿ ಮೆಲ್ಲಗೆ ಮಡಚಿ ಬಿಡಿಸಿ. ನೋವಿನ ಮಾತ್ರೆಯನ್ನು ಡಾಕ್ಟರು ಹೇಳಿದಷ್ಟು ದಿನ ಮಾತ್ರ ತೆಗೆದುಕೊಳ್ಳಿ. ಡೆಂಗಿ ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲ ಎಂದು ನಂಬಬೇಡಿ. ಅದರಲ್ಲಿ ನಾಲ್ಕು ಬಗೆ ಇವೆ, ಎರಡನೇ ಸಲ ಬೇರೆ ಬಗೆಯದ್ದು ಬಂದರೆ ತೀವ್ರವಾಗುವ ಸಾಧ್ಯತೆ ಜಾಸ್ತಿ. ಹಳೆ ರಿಪೋರ್ಟು ಜೋಪಾನವಾಗಿಟ್ಟು, ಮುಂದೆ ಯಾವ ಜ್ವರ ಬಂದರೂ ಡಾಕ್ಟರಿಗೆ ತೋರಿಸಿ.

ಇನ್ನೊಂದಿದೆ, ಮೊದಲೇ ಗೊತ್ತಿದ್ದರೆ ಗಾಬರಿಯಾಗುವುದಿಲ್ಲ. ಜೋರು ಜ್ವರ ಬಂದು ಎರಡು ಮೂರು ತಿಂಗಳಾದ ಮೇಲೆ ತಲೆ ಬಾಚುವಾಗ ಕೂದಲು ಮುಷ್ಟಿಗಟ್ಟಲೆ ಬರಬಹುದು. ಜ್ವರದ ಹೊತ್ತಿಗೆ ಬೆಳವಣಿಗೆ ನಿಲ್ಲಿಸಿದ ಕೂದಲು ಆಗ ಉದುರುವುದು. ಬೇರು ಹಾಳಾಗಿರುವುದಿಲ್ಲ, ಕೆಲವು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ. ಹೊಸ ಎಣ್ಣೆ, ದುಬಾರಿ ಶಾಂಪೂ ಎಂದು ದುಡ್ಡು ಸುರಿಯಬೇಡಿ. ಆ ದುಡ್ಡಿನಲ್ಲಿ ಮೊಟ್ಟೆ, ಬೇಳೆ, ಸೊಪ್ಪು ತನ್ನಿ.